ಡಿಸೆಂಬರ್ 26ಕ್ಕೆ ಬೆಳಗಾವಿಗೆ 26 ಜನ: ನಮ್ಮ ಪಟ್ಟಿ ಉದ್ದ ಆಯ್ತಾ?

ಬೆಳಗಿನ_ನಡಿಗೆ · ಅಕ್ಟೋಬರ್ 19

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯ ಪಾರ್ಕೊಂದರಲ್ಲಿ ದಿನಾ ಬೆಳಿಗ್ಗೆ ಸುತ್ತು ಹಾಕುವ ಗುಂಪು. ವರ್ಷಕ್ಕೊಂದು ಸಲ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗಿಬರುವ ರೂಢಿ. ಹಂಪಿ ಆಯ್ತು, ಚಿತ್ರದುರ್ಗ ಆಯ್ತು, ಶ್ರೀರಂಗಪಟ್ಟಣವಂತೂ ಎರಡು ಸಲ ಆಯ್ತು. ಈ ಸಲ ಬೆಳಗಾವಿ. 1924ರ ಡಿಸೆಂಬರ್ 26, 27ರಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಅಲ್ಲಿ. ಗಾಂಧೀಜಿ ಅಧ್ಯಕ್ಷರಾಗಿ ಕೂತ ಅಧಿವೇಶನ ಅದೊಂದೇ. ಅದೇ ತಾರೀಖಿಗೆ ಅದೇ ನೆಲದ ಮೇಲೆ ನಿಲ್ಲಬೇಕು ಅಂತ ನಮ್ಮ ಗುಂಪಿನ ಹಿರಿಯರೊಬ್ಬರ ಆಸೆ. ಅವರಿಗೆ 78, ಮಂಡಿ ಸರಿಯಿಲ್ಲ. ಎಲ್ಲರಿಗಿಂತ ಚಿಕ್ಕವನು ನನ್ನ ಮೊಮ್ಮಗ, 9 ವರ್ಷ, ಅವನಿಗೆ ತಾಳ್ಮೆ ಇಲ್ಲ. ಈ ಇಬ್ಬರ ನಡುವೆ ಇನ್ನೂ 24 ಜನ.

ಗುರುವಾರ ರಾತ್ರಿ ರೈಲು ಹತ್ತಿ ಶುಕ್ರವಾರ 26ಕ್ಕೆ ಇಳಿಯುವುದು, ಭಾನುವಾರ 28ರ ರಾತ್ರಿ ವಾಪಸ್. ನೋಡಬೇಕು ಅಂದುಕೊಂಡಿರುವುದು: ಅಧಿವೇಶನದ ನೆನಪಿಗೆ ಕಟ್ಟಿದ ವೀರಸೌಧ, ಕಾಂಗ್ರೆಸ್ ಬಾವಿ, ಬೆಳಗಾವಿ ಕೋಟೆ, ಕಮಲ ಬಸದಿ, ಮರಾಠಾ ಲಘು ಪದಾತಿದಳದ ಮ್ಯೂಸಿಯಂ, ಸುವರ್ಣ ವಿಧಾನಸೌಧ, ಕಿತ್ತೂರು ಕೋಟೆ ಮತ್ತು ಅಲ್ಲಿರುವ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ, ನಂದಗಡ, ಹುದಲಿ, ಹುಬ್ಬಳ್ಳಿ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಜಾಗ. ಸಮಯ ಉಳಿದರೆ ಗೋಕಾಕ್ ಜಲಪಾತ.

ಆ ಕಡೆಯವರು ದಯವಿಟ್ಟು ಹೇಳಿ, ಎರಡೂವರೆ ದಿನಕ್ಕೆ ಆಗತ್ತಾ?

ಅರ್ಧಟಿಕೆಟ್ · ಅಕ್ಟೋಬರ್ 19

ಆಗತ್ತೆ ಮೇಡಂ. ಬಸ್ಸಿಂದ ಯಾರೂ ಇಳೀಬಾರದು ಅಷ್ಟೆ.

ಟಿಳಕವಾಡಿ_ಮಂದಿ · ಅಕ್ಟೋಬರ್ 19

ಅಕ್ಕಾರ, ನಮ್ಮೂರಿಗೆ ಬರಾಕತ್ತೀರಿ ಅಂದ್ರ ಭಾಳ ಖುಷಿ. ಆದ್ರ ನಿಮ್ಮ ಪಟ್ಟಿ ನೋಡಿ ನಗು ಬಂತು, ಸಿಟ್ಟಾಗಬ್ಯಾಡ್ರಿ. ಗೋಕಾಕ್ ಒಂದು ದಿಕ್ಕಿಗೆ, ನಂದಗಡ ಅದರ ವಿರುದ್ಧ ದಿಕ್ಕಿಗೆ, ಬೆಂಗೇರಿ ಹುಬ್ಬಳ್ಳಿಯೊಳಗ. ಗೋಕಾಕಿಗೆ ಡಿಸೆಂಬರದಾಗ ಹೋದ್ರ ನೀರಿಗಿಂತ ಬಂಡೆಗಲ್ಲು ಜಾಸ್ತಿ ಕಾಣತೈತಿ. ಅದನ್ನ ಮೊದಲು ಪಟ್ಟಿಯಿಂದ ಹೊಡೆದು ಹಾಕ್ರಿ. ಕರದಂಟು ಬೇಕಂದ್ರ ಬೆಳಗಾವ್ಯಾಗೂ ಸಿಗತೈತಿ.

ಎರಡನೇದು, ಕೋಟೆ ಅಂದ ಕೂಡಲೆ ಚಿತ್ರದುರ್ಗ ತಲ್ಯಾಗ ಇಟ್ಕೋಬ್ಯಾಡ್ರಿ. ನಮ್ಮದು ಬಯಲ ಮ್ಯಾಲಿನ ಕೋಟೆ. ಸುತ್ತ ಕಂದಕ, ಒಳಗ ರಸ್ತೆ, ಮನಿ, ಸೇನೆಯವರ ಜಾಗ. ಹತ್ತೋದು ಇಳಿಯೋದು ಏನಿಲ್ಲ, ಹಂಗಾಗಿ ನಿಮ್ಮ 78ರ ಅಜ್ಜಾರಿಗೆ ಏನೂ ತ್ರಾಸಿಲ್ಲ. ಕಮಲ ಬಸದಿಯೊಳಗ ನಿಂತು ತಲಿ ಎತ್ತಿ ಚಾವಣಿ ನೋಡ್ರಿ, ಕಲ್ಲಿನ ಕಮಲ ಕೆಳಮುಖ ಆಗಿ ಅರಳೈತಿ. ರಟ್ಟರ ಕಾಲದ್ದು, 1200ರ ಆಸುಪಾಸಿಂದು. ಅಲ್ಲೇ ಸಫಾ ಮಸೀದಿ ಐತಿ, ರಾಮಕೃಷ್ಣ ಆಶ್ರಮ ಐತಿ. 1892ರ ಅಕ್ಟೋಬರದಾಗ ವಿವೇಕಾನಂದರು ಬೆಳಗಾವಿಗೆ ಬಂದಾಗ ಉಳಕೊಂಡಿದ್ದ ಮನಿ ಅಲ್ಲೇ.

ಪುಣೆ_ಕನ್ನಡಿಗ · ಅಕ್ಟೋಬರ್ 20

ಬೇಜಾರು ಮಾಡ್ಕೋಬೇಡಿ. ನಾನು ಪುಣೆಯಿಂದ ಬೆಂಗಳೂರಿಗೆ ಹೋಗೋವಾಗೆಲ್ಲ ಬೆಳಗಾವಿ ದಾಟ್ತೀನಿ. ಒಂದು ಸಲ ಇಳಿದು ಕಾಂಗ್ರೆಸ್ ಬಾವಿ ನೋಡಿದೆ. ಒಂದು ಬಾವಿ. ಸುತ್ತ ಕಟ್ಟೆ. ಅಷ್ಟೆ. ಹತ್ತು ನಿಮಿಷಕ್ಕೆ ಮುಗೀತು. ದೇಶಭಕ್ತಿ ಪ್ರವಾಸ ಅಂದ್ರೆ ಅಮೃತಸರ, ಅಂಡಮಾನ್ ಇವೆಯಲ್ಲ. 26 ಜನರನ್ನ 500 ಕಿಲೋಮೀಟರ್ ಕರ್ಕೊಂಡು ಹೋಗಿ ಬಾವಿ ತೋರಿಸಿದ್ರೆ ವಾಪಸ್ ಬರೋ ದಾರೀಲಿ ನಿಮ್ಮನ್ನ ಬೈತಾರೆ.

ಟಿಳಕವಾಡಿ_ಮಂದಿ · ಅಕ್ಟೋಬರ್ 20

ಪುಣೆ ಸಾಹೇಬ್ರ, ಆ ಬಾವಿ ಯಾಕ ತೋಡಿದ್ರು ಅಂತ ಯಾರಾದ್ರೂ ನಿಮಗ ಹೇಳಿದ್ರೇನು? ಇಲ್ಲ ಅಂದ್ರ ಹತ್ತು ನಿಮಿಷನೂ ಹೆಚ್ಚಾತು ಬಿಡ್ರಿ.

ಅಧಿವೇಶನ ಅಂದ್ರ ಒಂದು ಸಭಾಂಗಣ ಅಲ್ಲ, ಒಂದು ಊರನ್ನ ಕಟ್ಟಿದ್ರು. ಆಗ ಟಿಳಕವಾಡಿ ಅಂದ್ರ ಬಯಲು. ಆ ಬಯಲಿಗೆ ವಿಜಯನಗರ ಅಂತ ಹೆಸರಿಟ್ರು. ಹಂಪಿ ವಿರೂಪಾಕ್ಷನ ಗೋಪುರದ ಮಾದರಿಯೊಳಗ ಮಹಾದ್ವಾರ ನಿಲ್ಲಿಸಿದ್ರು. ದೇಶದ ತುಂಬಾದಿಂದ ಸಾವಿರಗಟ್ಟಲೆ ಮಂದಿ ಬರೋರು, ಕುಡಿಯಾಕ, ಜಳಕಕ್ಕ, ಅಡಿಗಿಗೆ ನೀರೆಲ್ಲಿ? ಅದಕ್ಕ ತೋಡಿದ್ದು ಈ ಬಾವಿ. ಹೆಸರು ಪಂಪಾ ಸರೋವರ. ಇದಕ್ಕೆಲ್ಲ ಓಡಾಡಿದವರು ಗಂಗಾಧರರಾವ್ ದೇಶಪಾಂಡೆಯವರು, ನಮ್ಮ ಕರ್ನಾಟಕ ಸಿಂಹ. ಸ್ವಯಂಸೇವಕರ ಪಡೆ ಡಾ. ಎನ್.ಎಸ್. ಹರ್ಡೀಕರ್ ಅವರದು.

ಗಾಂಧೀಜಿ ಇದ್ದದ್ದು ಬಿದಿರಿನ ಗುಡಿಸಲು, ಮಂದಿ ಕುಂತದ್ದು ಬಟ್ಟಿ ಚಪ್ಪರ. ಅಧಿವೇಶನ ಮುಗೀತು, ಬಿದಿರು ಬಿಚ್ಚಿದ್ರು, ಬಟ್ಟಿ ಮಡಚಿದ್ರು, ಗೋಪುರ ಕಳಚಿದ್ರು. ಬಾವಿ ಮಾತ್ರ ಬಿಚ್ಚಾಕ ಬರಲಿಲ್ಲ. ಆ ಊರಾಗಿನ ಒಂದ ಒಂದು ವಸ್ತು ಉಳಿದದ್ದು ಅದು. ವೀರಸೌಧ ಎಲ್ಲ ಆಮ್ಯಾಲೆ ಕಟ್ಟಿದ್ದು.

ಪುಣೆ_ಕನ್ನಡಿಗ · ಅಕ್ಟೋಬರ್ 20

ಇದು ಗೊತ್ತಿರಲಿಲ್ಲ. ನಾನು ಹೋದಾಗ ಹೇಳೋಕೆ ಯಾರೂ ಇರಲಿಲ್ಲ.

ಟಿಳಕವಾಡಿ_ಮಂದಿ · ಅಕ್ಟೋಬರ್ 20

ಅದನ್ನ ನಾನೂ ಹೇಳಾಕತ್ತೇನಿ. ನಮ್ಮಲ್ಲಿ ಕಣ್ಣಿಗೆ ಕಾಣೋದು ಕಡಿಮಿ. ಕಥಿ ನೀವ ಹೊತ್ತಕೊಂಡು ಬರಬೇಕು.

ಬೈಲಹೊಂಗಲ_ಮಾಸ್ತರ · ಅಕ್ಟೋಬರ್ 20

ತಡವಾಗಿ ಓದಿದೆ. ಮೂಲ ಬರಹದಲ್ಲಿ ಒಂದು ತಪ್ಪು ಇದೆ, ತಿದ್ದದೆ ಬಿಟ್ಟರೆ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ. ಚೆನ್ನಮ್ಮನ ಸಮಾಧಿ ಕಿತ್ತೂರಿನಲ್ಲಿ ಇಲ್ಲ, ನಮ್ಮ ಬೈಲಹೊಂಗಲದಲ್ಲಿದೆ. ಎಷ್ಟೋ ಬಸ್ಸುಗಳು ಕಿತ್ತೂರು ನೋಡಿ, ಹೆದ್ದಾರಿ ಹಿಡಿದು ಧಾರವಾಡಕ್ಕೆ ಹೋಗಿಬಿಡುತ್ತವೆ. ಗೆದ್ದ ಜಾಗ ನೋಡುತ್ತಾರೆ, ಸೆರೆಯಲ್ಲಿಟ್ಟ ಊರಿಗೆ ಬರುವುದಿಲ್ಲ.

ಕಥೆಯ ಕ್ರಮ ಹೀಗಿದೆ. ಕಿತ್ತೂರು ಮನೆತನದ ದತ್ತು ಮಗ ಶಿವಲಿಂಗಪ್ಪನನ್ನು ವಾರಸುದಾರ ಎಂದು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಆಮೇಲೆ ಮಾತುಕತೆಯ ನಂಬಿಕೆಯ ಮೇಲೆ ಅವರನ್ನು ಬಿಟ್ಟುಕೊಟ್ಟರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿ 2ರಂದು ಅಲ್ಲಿಯೇ ತೀರಿಕೊಂಡಳು. ಅನಂತರ ಸಂಗೊಳ್ಳಿ ರಾಯಣ್ಣ ಬೀಡಿ, ಖಾನಾಪುರದ ಕಡೆ ಕಂಪನಿಯ ಕಚೇರಿಗಳಿಗೆ ಬೆಂಕಿ ಇಟ್ಟ, ಅಡವಿ ಹಿಡಿದು ಕಾದಿದ, ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು.

ಆದ್ದರಿಂದ ಕಿತ್ತೂರು, ಬೈಲಹೊಂಗಲ, ನಂದಗಡ, ಈ ಕ್ರಮದಲ್ಲೇ ನೋಡಿರಿ. ಹಿಂದು ಮುಂದು ಮಾಡಬೇಡಿರಿ.

ಲೆಕ್ಕಪತ್ರ · ಅಕ್ಟೋಬರ್ 21

ಮಾಸ್ತರ್ ಹೇಳೋ ಕ್ರಮಕ್ಕೆ ಡೀಸೆಲ್ ಜಾಸ್ತಿ. ಬೆಳಗಾವಿ, ಬೈಲಹೊಂಗಲ, ಸಂಗೊಳ್ಳಿ, ಕಿತ್ತೂರು, ಬೀಡಿ, ನಂದಗಡ, ಖಾನಾಪುರ, ಬೆಳಗಾವಿ. ಹಿಂಗೆ ಹೋದ್ರೆ ಒಂದು ಸುತ್ತು ಪೂರ್ತಿ ಆಗುತ್ತೆ, ಬಂದ ದಾರಿ ಮತ್ತೆ ತುಳಿಯೋದಿಲ್ಲ. ಒಂದೇ ದಿನದಲ್ಲಿ ಮುಗಿಯುತ್ತೆ. ಒಂದು ದಿನದ ಗಾಡಿ ಬಾಡಿಗೆ ಉಳೀತು ಅಂದ್ರೆ ತಲೆಗೆ ಎಷ್ಟು ಕಮ್ಮಿ ಆಗುತ್ತೆ ನೋಡಿ. ಡ್ರೈವರ್ ಬತ್ತಾ ಬೇರೆ.

ಬೈಲಹೊಂಗಲ_ಮಾಸ್ತರ · ಅಕ್ಟೋಬರ್ 21

ರಾಣಿ ಸತ್ತ ಮೇಲೆ ಕೋಟೆಯ ಯುದ್ಧ ತೋರಿಸುತ್ತೀರೇನು? ಒಂಬತ್ತು ವರ್ಷದ ಹುಡುಗ ಬರುತ್ತಿದ್ದಾನೆ. ಅವನಿಗೆ ಅದು ಕೊನೆಯ ಪುಟದಿಂದ ಕಥೆ ಓದಿದ ಹಾಗೆ.

ಲೆಕ್ಕಪತ್ರ · ಅಕ್ಟೋಬರ್ 21

ಒಂದೇ ದಿನದಲ್ಲಿ ಎಲ್ಲ ನೋಡಿದ್ರೆ ತಲೇಲಿ ಜೋಡಿಸ್ಕೋತಾನೆ ಬಿಡಿ. ಈಗಿನ ಮಕ್ಕಳು ಚುರುಕು.

ಅರ್ಧಟಿಕೆಟ್ · ಅಕ್ಟೋಬರ್ 21

ಡಾಲ್‌ಹೌಸಿ ತಂದ ದತ್ತು ನಿಷೇಧದ ಕಾನೂನಿಂದ ತಾನೇ ಕಿತ್ತೂರು ಯುದ್ಧ ಆಗಿದ್ದು? ಪರೀಕ್ಷೇಲಿ ಬರೆದ ನೆನಪು.

ಬೈಲಹೊಂಗಲ_ಮಾಸ್ತರ · ಅಕ್ಟೋಬರ್ 21

ಎಷ್ಟು ಅಂಕ ಬಂದಿತ್ತೋ ಕೇಳುವುದಿಲ್ಲ. ಡಾಲ್‌ಹೌಸಿ ಈ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರು 1824. ಅವನು ಹೆಸರಿಟ್ಟು ನೀತಿ ಮಾಡುವ 24 ವರ್ಷ ಮೊದಲೇ ಇಲ್ಲಿ ಅದೇ ಆಟ ಆಡಿದ್ದರು.

ಸಂಪಗಾಂವ್_ಸೊಸಿ · ಅಕ್ಟೋಬರ್ 21

ಇಷ್ಟೊತ್ತನಕ ಗಂಡಸರೆಲ್ಲ ಇಸವಿ ಹೇಳಿದ್ರಿ, 26 ಮಂದಿ ಎಲ್ಲಿ ಉಣ್ಣಬೇಕು, ಹೆಣ್ಣಮಕ್ಕಳು ಎಲ್ಲಿ ಹೋಗಬೇಕು ಅಂತ ಒಬ್ಬರೂ ಹೇಳಲಿಲ್ಲ.

ಅಕ್ಕಾರ, ಬಸ್ಸು ಎಲ್ಲಿ ನಿಂತರೂ ಮೊದಲು ಅದನ್ನ ವಿಚಾರಿಸ್ರಿ. ಹೆದ್ದಾರಿ ಮ್ಯಾಲೆ ಕಿತ್ತೂರಿಗೆ ಹೋಗುವಾಗ ಹೋಟೆಲ್, ಪೆಟ್ರೋಲ್ ಬಂಕ್ ಸಿಗತಾವು, ಅಲ್ಲೇ ಎಲ್ಲಾರೂ ಇಳದು ಬರ್ರಿ. ಹೆದ್ದಾರಿ ಬಿಟ್ಟು ಒಳಗ ಹೊಕ್ಕರ ಮುಂದಿನ ಊರು ಬರೂತನಕ ಕಷ್ಟ. ಅಜ್ಜಾರ ಹಂತ್ಯಾಕ ಒಂದು ಮಡಚೋ ಕುರ್ಚಿ ಇರಲಿ.

ಊಟಕ್ಕ ಖಾನಾವಳಿಗೆ ಹಿಂದಿನ ದಿನ ಫೋನ್ ಹಚ್ಚಿ ಹೇಳ್ರಿ. 26 ಮಂದಿ ಸೀದಾ ಹೋಗಿ ಕುಂತ್ರ ರೊಟ್ಟಿ ಬಡಿಯೋ ಬಾಯಾರಿಗೆ ಜೀವ ಹೋಗತೈತಿ. ತಲಿಗೆ ಮೂರು ಅಂತ ಹಿಡೀರಿ, ಅಂದ್ರ 78 ರೊಟ್ಟಿ. ಎಣ್ಣಗಾಯಿ, ಮಡಕಿಕಾಳ ಪಲ್ಯ, ಶೇಂಗಾ ಹಿಂಡಿ, ಮೊಸರು. ಬೆಂಗಳೂರವರು ಖಾರ ತಡಿಯಂಗಿಲ್ಲ ಅಂತಾರ, ಅದನ್ನೂ ಫೋನಿನಾಗ ಹೇಳಿಬಿಡ್ರಿ. ಡಿಸೆಂಬರ್ ಮುಂಜಾನೆ ಥಂಡಿ ಭಾಳ, ಎಲ್ಲಾರಿಗೂ ಸ್ವೆಟರ್ ಬೇಕು. ಟೀ-ಶರ್ಟ್ ಮ್ಯಾಲೆ ಬಂದು ನಡುಗಬ್ಯಾಡ್ರಿ.

ಬೆಳಗಿನ_ನಡಿಗೆ · ಅಕ್ಟೋಬರ್ 22

ಸಂಪಗಾಂವದ ತಂಗಿ, ನಿಮಗೆ ದೊಡ್ಡ ನಮಸ್ಕಾರ. 78ರ ಹಿರಿಯರಿಗೆ 78 ರೊಟ್ಟಿ ಲೆಕ್ಕ ಓದಿ ಹೇಳಿದೆ, ಅರ್ಧ ಗಂಟೆ ನಕ್ಕರು.

ಮೇಷ್ಟ್ರೇ, ಸಮಾಧಿ ವಿಷಯ ತಿದ್ದಿದ್ದಕ್ಕೆ ಧನ್ಯವಾದ. ನಾನೂ ಮೂವತ್ತು ವರ್ಷ ಪಾಠ ಮಾಡಿದವಳೇ, ಗಣಿತ. ತಪ್ಪು ಕಂಡರೆ ನಿದ್ದೆ ಬಾರದ ಕಾಯಿಲೆ ನನಗೂ ಇದೆ.

ಗೋಕಾಕ್ ಪಟ್ಟಿಯಿಂದ ಹೊಡೆದು ಹಾಕಿದೆ. ಬೆಂಗೇರಿ ಮಾತ್ರ ಬಿಡೋಕೆ ಮನಸ್ಸಿಲ್ಲ. ಭಾನುವಾರ ಹುಬ್ಬಳ್ಳಿಗೆ ಬಂದು ಅಲ್ಲಿಂದ ರೈಲು ಹತ್ತಿದರೆ?

ಟಿಳಕವಾಡಿ_ಮಂದಿ · ಅಕ್ಟೋಬರ್ 22

ಬೆಂಗೇರಿ ಬೇರೆ ದಿನಕ್ಕ ಇಟ್ಕೋರಿ ಅಕ್ಕಾರ, ಅದು ಬಿಡೂ ಜಾಗ ಅಲ್ಲ ಅಂತನ ಹೇಳಾಕತ್ತೇನಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರು ಆದದ್ದು 1957ರ ನವೆಂಬರ್ 1ಕ್ಕ. ಅಲ್ಲಿ ಒಂಬತ್ತು ಅಳತಿ ಧ್ವಜ ಮಾಡತಾರ, ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಸಣ್ಣದು ಅಂಗೈಯಷ್ಟು. ಹೊಲಿಗೆ, ಬಣ್ಣ, ಚಕ್ರ ಎಲ್ಲಾದಕ್ಕೂ ಮಾಪನ ಐತಿ, ಒಂದು ಎಳಿ ಕಡಿಮಿ ಆದ್ರೂ ತೆಗೆದು ಹಾಕತಾರ. ಆದ್ರ ಅಲ್ಲಿ ನೋಡೂದು ಕೈ ಕೆಲಸ. ಭಾನುವಾರ ಹೋಗಿ ಖಾಲಿ ಮಷಿನ್ ನೋಡಿ ಏನ್ ಮಾಡ್ತೀರಿ? ಕೆಲಸದ ದಿನ, ಮೊದಲ ಕೇಳಿಕೊಂಡು ಬರ್ರಿ.

ಸೇನಾ ಮ್ಯೂಸಿಯಂ ವಿಷಯ: ಅದು ರೆಜಿಮೆಂಟಿನ ಜಾಗ, ಸಂತಿ ಅಲ್ಲ. ಈಗಿಂದನ ಪತ್ರ ಬರೀರಿ, ಎಲ್ಲಾರ ಗುರುತಿನ ಚೀಟಿ ಇಟ್ಕೋರಿ. ಒಪ್ಪಿಗಿ ಬಂದ್ರ ಹೋಗ್ರಿ, ಬರಲಿಲ್ಲ ಅಂದ್ರ ಕ್ಯಾಂಪಿನಾಗ ಮಿಲಿಟರಿ ಮಹಾದೇವ ಗುಡಿಗೆ ಹೋಗ್ರಿ, ಅದನ್ನ ನೋಡಿಕೊಳ್ಳೋರೂ ಸೇನೆಯವರ.

ರೈಲು ಟಿಕೆಟ್ಟು 60 ದಿನ ಮೊದಲು ತಗೀತೈತಿ. 25ರ ರಾತ್ರಿದು ಅಂದ್ರ ಇದೇ ಭಾನುವಾರ. ಕ್ರಿಸ್‌ಮಸ್ ರಜಾ, ಗೋವಾಕ್ಕ ಹೋಗೋರೂ ಅದ ಗಾಡಿ ಹಿಡೀತಾರ. ಮುಂಜಾನೆ ಎಂಟಕ್ಕ ಕುಂದ್ರಬೇಕು. ಒಂದು ಟಿಕೆಟ್ಟಿಗೆ ಆರ ಮಂದಿ, ಐದು ಜನ ಐದು ಫೋನ್ ಹಿಡ್ಕೊಂಡು ಕುಂದರ್ರಿ.

ಬೆಳಗಿನ_ನಡಿಗೆ · ಅಕ್ಟೋಬರ್ 26

ಐದು ಜನ ಐದು ಫೋನ್. ನಾಲ್ಕು ಗೆದ್ದೆವು, ಐದನೆಯದು, ಉಳಿದ ಇಬ್ಬರದು, ವೇಟಿಂಗ್.

ಅರ್ಧಟಿಕೆಟ್ · ಅಕ್ಟೋಬರ್ 26

ಆ ಇಬ್ಬರು ಟ್ರಾವೆಲರ್‌ಗಳ ಹೆಸರು ಹೇಳಬೇಡಿ. ವಾಕಿಂಗ್ ಗ್ರೂಪ್ ತಾನೇ, ನಡ್ಕೊಂಡು ಬರ್ತಾರೆ.

ಪುಣೆ_ಕನ್ನಡಿಗ · ಅಕ್ಟೋಬರ್ 27

ಬಾವಿ ಬಗ್ಗೆ ಮಾತಾಡಿ ಬೈಸಿಕೊಂಡ ಮೇಲೆ ಸ್ವಲ್ಪ ಓದಿದೆ. ಪ್ರಾಯಶ್ಚಿತ್ತವಾಗಿ ಇಲ್ಲಿ ಹಾಕ್ತೀನಿ, ಮೇಡಂ ತಮ್ಮ ಗುಂಪಿಗೆ ಓದಿ ಹೇಳಬಹುದು.

ಅದು 39ನೇ ಅಧಿವೇಶನ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡಿದ್ದು ಅಲ್ಲಿ. ವೀಣೆ ಶೇಷಣ್ಣನವರು ಮೈಸೂರಿಂದ ಬಂದು ನುಡಿಸಿದ್ದಾರೆ. ಗಂಗೂಬಾಯಿ ಹಾನಗಲ್ ಇನ್ನೂ ಪುಟ್ಟ ಹುಡುಗಿ, ಗಾಂಧೀಜಿ ಮುಂದೆ ಹಾಡಿದ್ದಾರೆ. ಅದೇ ಸಮಯದಲ್ಲಿ ಬೆಳಗಾವಿಯಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ನಡೆದಿದೆ. ಅಂದ್ರೆ ದೇಶದ ಮಾತೂ ಕನ್ನಡ ನಾಡಿನ ಮಾತೂ ಒಂದೇ ವಾರದಲ್ಲಿ, ಒಂದೇ ಊರಲ್ಲಿ. ಟಿಳಕರು 1916ರಲ್ಲಿ ಹೋಮ್ ರೂಲ್ ಲೀಗ್ ಶುರು ಮಾಡಿದ್ದೂ ಬೆಳಗಾವಿಯಲ್ಲೇ ಅಂತೆ, ಈ ಊರಿನ ಮೇಲಿಂದ ಎಷ್ಟು ಸಲ ನಿದ್ದೆ ಮಾಡ್ಕೊಂಡು ಹೋಗಿದೀನೋ.

ನನಗೆ ಹಿಡಿಸಿದ್ದು ಬೇರೆ. ಅದುವರೆಗೆ ಕಾಂಗ್ರೆಸ್ ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆ. ಬೆಳಗಾವಿಯಲ್ಲಿ ಅದನ್ನ ಬದಲಾಯಿಸಿದ್ರು: ಸದಸ್ಯ ಆಗಬೇಕು ಅಂದ್ರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು.

ಅರ್ಧಟಿಕೆಟ್ · ಅಕ್ಟೋಬರ್ 27

ಬೇರೆಯವರ ಕೈಲಿ ನೂಲಿಸಿ ಕೊಡಬಹುದಾ? ಸ್ನೇಹಿತನಿಗಾಗಿ ಕೇಳ್ತಿದೀನಿ.

ಪುಣೆ_ಕನ್ನಡಿಗ · ಅಕ್ಟೋಬರ್ 27

ನಗಬೇಡಿ, ಕೊಡಬಹುದಿತ್ತು! ನೂಲೋಕೆ ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನ ಕೊಟ್ಟರೂ ನಡೆಯುತ್ತೆ ಅಂತ ನಿಯಮದಲ್ಲೇ ಇತ್ತು. ನಿಮ್ಮಂಥವರು ಆಗಲೂ ಇದ್ರು.

ಬೆಳಗಿನ_ನಡಿಗೆ · ಅಕ್ಟೋಬರ್ 28

ಇದನ್ನು ಪಾರ್ಕಿನಲ್ಲಿ ಓದಿದೆ. ನಮ್ಮ ಹಿರಿಯರು ಸುಮ್ಮನೆ ಕೇಳಿಸಿಕೊಂಡು ಮನೆಗೆ ಹೋದರು. ಮಾರನೆಯ ದಿನ ಒಂದು ತಕಲಿ, ಅಂದರೆ ಕೈಯಲ್ಲಿ ನೂಲು ತೆಗೆಯುವ ಕದಿರು, ಹಿಡಿದು ಬಂದರು. ಅವರ ತಾಯಿಯದಂತೆ. ಬೆಳಗಾವಿಗೆ ಅದನ್ನೂ ತರ್ತಾರೆ.

ಹುದಲಿ ವಿಷಯ ಯಾರೂ ಹೇಳಲಿಲ್ಲ. ಇಟ್ಟುಕೊಳ್ಳಲೋ ಬಿಡಲೋ?

ಟಿಳಕವಾಡಿ_ಮಂದಿ · ಅಕ್ಟೋಬರ್ 28

ಹುದಲಿ ಗಂಗಾಧರರಾಯರ ಊರು. 1937ರ ಏಪ್ರಿಲ್‌ದಾಗ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕ ಗಾಂಧೀಜಿ ಅಲ್ಲಿ ಬಂದು ಒಂದು ವಾರ ಇದ್ದರು. ಖಾದಿ ಕೆಲಸ ಇನ್ನೂ ನಡದೈತಿ. ಭಾನುವಾರ ಮಧ್ಯಾಹ್ನ ಖಾಲಿ ಉಳಿದ್ರ ಹೋಗ್ರಿ, ಇಲ್ಲ ಅಂದ್ರ ಇಲ್ಲ. ಸುವರ್ಣಸೌಧ ಕಿತ್ತೂರಿಗೆ ಹೋಗುವಾಗ ಹೆದ್ದಾರಿಯಿಂದನ ಕಾಣತೈತಿ, ಬಸ್ಸು ನಿಧಾನ ಮಾಡಿಸ್ರಿ, ಸಾಕು.

ಸಂಪಗಾಂವ್_ಸೊಸಿ · ಅಕ್ಟೋಬರ್ 28

ನಮ್ಮ ತಾಲೂಕಿನಾಗ ಬೆಳವಡಿ ಮಲ್ಲಮ್ಮನ ಊರೂ ಐತಿ. ಶಿವಾಜಿ ಸೈನ್ಯದ ಎದುರು ನಿಂತಾಕಿ.

ಟಿಳಕವಾಡಿ_ಮಂದಿ · ಅಕ್ಟೋಬರ್ 28

ಅಕ್ಕಾ, ನಾ ಇಲ್ಲೆ ಪಟ್ಟಿ ಕಡಿಮಿ ಮಾಡಾಕತ್ತೇನಿ, ನೀ ಹೆಚ್ಚ ಮಾಡಾಕತ್ತೀದಿ.

ಬೆಳಗಿನ_ನಡಿಗೆ · ನವೆಂಬರ್ 3

ಕೊನೆಯ ತೀರ್ಮಾನ. ಶುಕ್ರವಾರ ಊರೊಳಗೆ: ಬೆಳಿಗ್ಗೆ ಕೋಟೆ, ಸಂಜೆ ವೀರಸೌಧ ಮತ್ತು ಬಾವಿ. ಶನಿವಾರ ಕಿತ್ತೂರು, ಸಂಗೊಳ್ಳಿ, ಬೈಲಹೊಂಗಲ. ಭಾನುವಾರ ನಂದಗಡ. ಲೆಕ್ಕಪತ್ರದವರು ಕ್ಷಮಿಸಬೇಕು, ಮೇಷ್ಟ್ರ ಕ್ರಮವೇ ಗೆದ್ದಿತು. ಒಂದು ದಿನದ ಬಾಡಿಗೆ ಹೆಚ್ಚು, ತಲೆಗೆ 450 ಬೀಳುತ್ತೆ. ಗುಂಪಿನಲ್ಲಿ ಕೈ ಎತ್ತಿಸಿ ಕೇಳಿದೆ, 21 ಜನ ಸರಿ ಅಂದರು.

ಲೆಕ್ಕಪತ್ರ · ನವೆಂಬರ್ 3

450ಕ್ಕೆ ಕಥೆ ಸರಿಯಾಗುತ್ತೆ ಅಂದ್ರೆ ದುಬಾರಿ ಅಲ್ಲ ಬಿಡಿ. ಗಾಡಿಯವನ ಹತ್ರ ಸೀಟು ಎಷ್ಟು ಅಂತ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿ ಮಾತು ನಂಬಬೇಡಿ.

ಬೆಳಗಿನ_ನಡಿಗೆ · ಡಿಸೆಂಬರ್ 31

ಹೋಗಿ ಬಂದೆವು. 26 ಜನ ಹೋಗಿ 26 ಜನ ಬಂದೆವು, ವೇಟಿಂಗ್ ಲಿಸ್ಟಿನವರೂ ಸೇರಿ.

ಮೊದಲು ತಪ್ಪೊಪ್ಪಿಗೆ. ಗಾಡಿಯ ಸೀಟಿನ ಸಂಖ್ಯೆ ಬರವಣಿಗೆಯಲ್ಲಿ ತಗೊಳ್ಳಲಿಲ್ಲ. 28 ಸೀಟು ಅಂದಿದ್ದರು, ಶನಿವಾರ ಬೆಳಿಗ್ಗೆ ಬಂದು ನಿಂತದ್ದು 22 ಸೀಟಿನದು. ಫೋನ್ ಮಾಡಿದರೆ “ಅಡ್ಜಸ್ಟ್ ಮಾಡ್ಕೊಳ್ರಿ” ಅಂತ ಒಂದೇ ಮಾತು. ಕೊನೆಗೆ ನಾಲ್ಕು ಜನ ಸಾರಿಗೆ ಬಸ್ಸಿನಲ್ಲಿ ಕಿತ್ತೂರಿಗೆ ಹೋಗಿ, ನಮಗಿಂತ ಹದಿನೈದು ನಿಮಿಷ ಮೊದಲೇ ಮುಟ್ಟಿ, ಚಹಾ ಕುಡಿದು ಕಾಯುತ್ತಾ ಇದ್ದರು! ಸಂಗೊಳ್ಳಿ, ಬೈಲಹೊಂಗಲದ ಸುತ್ತಿಗೆ ಅಲ್ಲೇ ಒಂದು ಜೀಪು ಹಿಡಿದೆವು. ಈ ಗಲಾಟೆಯಲ್ಲಿ ಒಂದೂವರೆ ಗಂಟೆ ಹೋಯಿತು.

ಕಿತ್ತೂರು ಅರಮನೆಯ ಗೋಡೆಗಳು ಇಷ್ಟು ದಪ್ಪ ಇರುತ್ತವೆ ಅಂತ ಅಂದುಕೊಂಡಿರಲಿಲ್ಲ. ಚಾವಣಿ ಇಲ್ಲ, ಗೋಡೆ ನಿಂತಿವೆ. ಧ್ರುವನಕ್ಷತ್ರ ನೋಡೋಕೆ ಅಂತ ಗೋಡೆಯಲ್ಲಿ ಓರೆಯಾಗಿ ಬಿಟ್ಟ ಕಿಂಡಿಗೆ ಮೊಮ್ಮಗ ಕಣ್ಣು ಹಚ್ಚಿ ಐದು ನಿಮಿಷ ನಿಂತ. ಏನು ಕಾಣತ್ತೋ ಅಂದೆ. “ನೀಲಿ” ಅಂದ. ನಮ್ಮ ಹಿರಿಯರೂ ಬಗ್ಗಲಾರದೆ ಬಗ್ಗಿ ನೋಡಿದರು.

ಬೈಲಹೊಂಗಲ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಮೇಷ್ಟ್ರು ಸಮಾಧಿ ಹತ್ತಿರ ಸಂಜೆ ನಾಲ್ಕರಿಂದ ಕಾದಿದ್ದರು, ಕೈಯಲ್ಲಿ ಒಂದು ಚೀಲ ಕುಂದಾ. ತಡವಾದದ್ದಕ್ಕೆ ನಾನು ನೂರು ಸಲ ಕ್ಷಮೆ ಕೇಳಿದೆ. ಅವರು ಉದ್ದ ಭಾಷಣ ಮಾಡುತ್ತಾರೆ ಅಂದುಕೊಂಡಿದ್ದೆವು. ಮಾಡಲಿಲ್ಲ. “ಸೋತ ಮೇಲೆ ನಾಲ್ಕು ವರ್ಷ ಬದುಕಿದ್ದಳು, ಇದೇ ಊರಲ್ಲಿ” ಅಂದರು, ಸುಮ್ಮನಾದರು. ನಮ್ಮ ಗುಂಪಿನಲ್ಲಿ ಯಾವಾಗಲೂ ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ, ಅಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಸಂಪಗಾಂವದ ತಂಗಿಯ ಪರಿಚಯದ ಖಾನಾವಳಿಯಲ್ಲಿ ಊಟ. 78 ಸಾಲಲಿಲ್ಲ, 91 ರೊಟ್ಟಿ.

ನಂದಗಡದ ಆಲದ ಮರದ ಬಗ್ಗೆ ಯಾಕೆ ಯಾರೂ ಮೊದಲೇ ಹೇಳಲಿಲ್ಲ? ಕೊಂಬೆಗಳಲ್ಲಿ ಪುಟ್ಟ ಮರದ ತೊಟ್ಟಿಲುಗಳು. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಕಟ್ಟುತ್ತಾರಂತೆ. ಗಲ್ಲಿಗೆ ಹೋದವನ ಹತ್ತಿರ ಮಗು ಬೇಡುತ್ತಾರೆ. ನಾನು ಗಣಿತದವಳು, ಇದನ್ನು ಹೇಗೆ ಬಿಡಿಸಬೇಕೋ ಗೊತ್ತಾಗಲಿಲ್ಲ. ಒಂದು ತೊಟ್ಟಿಲಿನ ಹಗ್ಗ ಹೊಸದು, ಹಳದಿ ಬಣ್ಣ, ಇನ್ನೂ ಒಂದು ಮಳೆಯನ್ನೂ ಕಂಡಿರಲಿಲ್ಲ.

ಹುದಲಿ ಆಗಲಿಲ್ಲ.

ಈಗ ಬಾವಿ. ಶುಕ್ರವಾರ ಸಂಜೆ ಟಿಳಕವಾಡಿಯವರೇ ಬಂದು ಬಿದಿರಿನ ಊರು ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ಕೈ ತೋರಿಸಿ ಹೇಳಿದರು. ಈಗ ಅಲ್ಲೆಲ್ಲ ರಸ್ತೆ, ಅಂಗಡಿ, ಸ್ಕೂಟರ್. ನಾವು ಕಟ್ಟೆಯ ಪಕ್ಕ ನಿಂತು ‘ಉದಯವಾಗಲಿ’ ಹಾಡಿದೆವು, ಶ್ರುತಿ ಸೇರಲಿಲ್ಲ, ಸ್ಕೂಟರಿನವರಿಬ್ಬರು ನಿಂತು ಕೇಳಿದರು. ಹಿರಿಯರು ಮಡಚೋ ಕುರ್ಚಿಯಲ್ಲಿ ಕೂತು ತಕಲಿ ತೆಗೆದರು. ಹಂಜಿಯಿಂದ ಎಳೆ ಎಳೆಯುವಾಗ ಅವರ ಕೈ ನಡುಗುವುದು ನಿಲ್ಲುತ್ತೆ, ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಮೊಮ್ಮಗನೂ ಕೈ ಹಾಕಿದ. ಎಳೆ ಏಳು ಸಲ ಕಡಿಯಿತು. ಎಂಟನೆಯ ಸಲ ಬಂದದ್ದು ಅವನು ಎರಡೂ ತೋಳು ಚಾಚಿದಷ್ಟು. ಒಂದು ಮಾರು ಅಂದರೆ ಎರಡು ಗಜ, ಹಾಗಾದರೆ ತಿಂಗಳ ವಂತಿಗೆ ಸಾವಿರ ಮಾರು ಅಂತ ಲೆಕ್ಕ ಹೇಳಿಕೊಟ್ಟೆ. ನಿನ್ನ ತೋಳು ಚಿಕ್ಕದು, ಇನ್ನೂ ಜಾಸ್ತಿ ಬೇಕಾಗತ್ತೆ ಅಂತಲೂ ಹೇಳಿದೆ.

ಪುಣೆ_ಕನ್ನಡಿಗ · ಡಿಸೆಂಬರ್ 31

ಎಷ್ಟು ಹೊತ್ತು ಇದ್ರಿ ಬಾವಿ ಹತ್ರ?

ಬೆಳಗಿನ_ನಡಿಗೆ · ಡಿಸೆಂಬರ್ 31

ಒಂದು ಗಂಟೆ ಇಪ್ಪತ್ತು ನಿಮಿಷ.

ಟಿಳಕವಾಡಿ_ಮಂದಿ · ಜನವರಿ 1

ಬೆಂಗೇರಿ ಬಾಕಿ ಐತಿ ಅಕ್ಕಾರ. ಕೆಲಸದ ದಿನ.

ಅರ್ಧಟಿಕೆಟ್ · ಜನವರಿ 11

ಮೇಡಂ, ಮೊಮ್ಮಗನ ಸದಸ್ಯತ್ವ ಏನಾಯ್ತು?

ಬೆಳಗಿನ_ನಡಿಗೆ · ಜನವರಿ 11

ತಕಲಿ ಈಗ ನಮ್ಮ ಮನೆಯಲ್ಲಿದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುತ್ತಿದ್ದಾನೆ. ಇವತ್ತಿಗೆ 43 ಮಾರು. ಅದರಲ್ಲಿ ಆರು ನನ್ನವು, ಅವನಿಗೆ ಗೊತ್ತಿಲ್ಲ.